ಎರಡು ಬೆಳೆ ಕಾಲದ ಮಾತ್ರೆ: ರಾಮನಗರ ಸೀಮೆಯ ಮೊಡವೆ ಚಿಕಿತ್ಸೆಯ ಬಗ್ಗೆ ಒಂದು ಟಿಪ್ಪಣಿ

ಕನಕಪುರ ತಾಲ್ಲೂಕಿನ ನಮ್ಮ ಮನೆಯಲ್ಲಿ ಮೊಡವೆಗೆ ಒಂದೇ ಕಾರಣ ಹೇಳುತ್ತಿದ್ದರು: ಉಷ್ಣ. ಪರೀಕ್ಷೆಗೆ ನಿದ್ದೆಗೆಟ್ಟು ಓದಿದರೆ ಉಷ್ಣ, ಮಾವಿನಹಣ್ಣು ತಿಂದರೆ ಉಷ್ಣ, ಕೋಳಿಸಾರು ಉಂಡರೆ ಉಷ್ಣ. ಅಕ್ಕನನ್ನು ಕೊಟ್ಟ ಚನ್ನಪಟ್ಟಣದಲ್ಲೂ, ಸೋದರತ್ತೆಯ ಮಾಗಡಿ ಕಡೆಯೂ, ನಾನು ಪಿಯುಸಿ ಓದಿದ ರಾಮನಗರದಲ್ಲೂ ಇದೇ ಮಾತು. ಈಗಿನ ಮಕ್ಕಳು ‘ಪಿಂಪಲ್ಸ್’ ಎನ್ನುತ್ತಾರೆ, ಕಾರಣ ಕೇಳಿದರೆ ‘ಹೀಟ್’ ಎನ್ನುತ್ತಾರೆ. ಹೆಸರು ಬದಲಾಗಿದೆ, ವಿವರಣೆ ಬದಲಾಗಿಲ್ಲ. ಮೊಡವೆಗೆ ನುಂಗುವ ಆಂಟಿಬಯೋಟಿಕ್ ಮಾತ್ರೆಯ ಗತಿಯನ್ನು ನಮ್ಮ ಸೀಮೆಯಲ್ಲಿ ಬಹುಮಟ್ಟಿಗೆ ನಿರ್ಧರಿಸುವುದು ಈ ವಿವರಣೆಯೇ ಎಂಬುದು ಈ ಟಿಪ್ಪಣಿಯ ವಾದ. ಇದರ ಆಧಾರ ಎರಡು: ನಾನೇ ನುಂಗಿದ ಒಂದು ಕೋರ್ಸು, ಅಕ್ಕನ ಮಗಳು ನುಂಗಿದ ಇನ್ನೊಂದು. ಅವುಗಳ ಪಕ್ಕದಲ್ಲಿ ಔಷಧಶಾಸ್ತ್ರ ಖಚಿತವಾಗಿ ಹೇಳುವುದನ್ನು ಇಟ್ಟು ನೋಡಿದ್ದೇನೆ.

ಮೊಡವೆಯನ್ನು ಗಮನಿಸಿ ಬರೆದವರು ನಮ್ಮಲ್ಲಿ ಹಿಂದಿನಿಂದಲೂ ಇದ್ದಾರೆ. ಸುಶ್ರುತಸಂಹಿತೆ ಇದನ್ನು ಕ್ಷುದ್ರರೋಗಗಳ ಸಾಲಿನಲ್ಲಿಟ್ಟು ಮುಖದೂಷಿಕೆ ಎಂದು ಕರೆಯುತ್ತದೆ. ಯೌವನದಲ್ಲಿ ಮುಖದ ಮೇಲೆ ಬೂರುಗದ ಮರದ ಮುಳ್ಳಿನಂತೆ ಏಳುವ ಗುಳ್ಳೆ ಎಂದು ವರ್ಣಿಸುತ್ತದೆ. ಬೂರುಗದ ಎಳೆಯ ಕಾಂಡವನ್ನು ಹತ್ತಿರದಿಂದ ನೋಡಿದವರಿಗೆ ಈ ಹೋಲಿಕೆ ಎಷ್ಟು ಕರಾರುವಾಕ್ಕು ಎಂದು ಗೊತ್ತಾಗುತ್ತದೆ: ಬುಡ ಅಗಲ, ತುದಿ ಚೂಪು, ಕೈಯಾಡಿಸಿದರೆ ಬುಡ ತೊಗಟೆಯ ಒಳಗಿಂದಲೇ ಎದ್ದ ಹಾಗೆ ಗಟ್ಟಿ. ಅಲ್ಲಿ ಕಾರಣವಾಗಿ ಹೇಳಿರುವುದು ಕಫ, ವಾತ, ರಕ್ತ. ನಮ್ಮ ಮನೆಗಳ ‘ಉಷ್ಣ’ದ ಜೊತೆಗೆ ಆ ಪಟ್ಟಿ ಪೂರ್ತಿ ಹೊಂದುವುದಿಲ್ಲ ಎಂಬುದನ್ನು ಗುರುತಿಸಿಟ್ಟು ಮುಂದೆ ಹೋಗುತ್ತೇನೆ.

ಇಂದಿನ ತಿಳಿವಳಿಕೆ ಹೀಗಿದೆ. ಹರೆಯದ ಹಾರ್ಮೋನುಗಳಿಂದ ಚರ್ಮದ ಎಣ್ಣೆಗ್ರಂಥಿಗಳು ಹಿಗ್ಗುತ್ತವೆ. ಕೂದಲ ಬುಡದ ಕಿರುನಾಳದಲ್ಲಿ ಸತ್ತ ಚರ್ಮಕಣ ಮತ್ತು ಜಿಡ್ಡು ಸೇರಿ ಬಿರಡೆಯಾಗುತ್ತದೆ. ಆ ನಾಳದಲ್ಲಿ ಮೊದಲಿಂದಲೂ ವಾಸಿಸುವ ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಬ್ಯಾಕ್ಟೀರಿಯಾ ಅಲ್ಲಿ ಹೆಚ್ಚುತ್ತದೆ. ಅದಕ್ಕೆ ದೇಹ ತೋರುವ ಸಿಟ್ಟೇ ಕೆಂಪು, ಊತ, ಕೀವು. ಬಿರಡೆ ಕಟ್ಟುವ ಕೆಲಸ ಮೊಡವೆ ಕಣ್ಣಿಗೆ ಕಾಣುವುದಕ್ಕೆ ವಾರಗಟ್ಟಲೆ ಮುಂಚೆಯೇ ಶುರುವಾಗಿರುತ್ತದೆ. ಈ ವಾರಗಳ ಲೆಕ್ಕವೇ ಚಿಕಿತ್ಸೆಯ ಜೀವಾಳ. ಇಂದು ಮಾತ್ರೆ ಶುರುಮಾಡಿದರೂ ಮುಂದಿನ ತಿಂಗಳು ಏಳಬೇಕಾದ ಗುಳ್ಳೆಗಳು ಆಗಲೇ ಒಳಗೆ ತಯಾರಾಗಿ ಕೂತಿರುತ್ತವೆ. ಆದ್ದರಿಂದ ಮೊಡವೆಗೆ ನುಂಗುವ ಆಂಟಿಬಯೋಟಿಕ್ ಆದ ಡಾಕ್ಸಿಸೈಕ್ಲಿನ್‌ನ ಫಲ ನೋಡಲು ಆರರಿಂದ ಎಂಟು ವಾರ ಬೇಕು. ರೇಷ್ಮೆ ಮನೆಯವರಿಗೆ ಹೇಳುವುದಾದರೆ ಎರಡು ಬೆಳೆ: ಚಾಕಿ ಹುಳು ತಂದು ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕುವಷ್ಟು ಕಾಲ ಎರಡು ಸಲ.

ನನ್ನ ಕಥೆ 1999ರದು. ದ್ವಿತೀಯ ಪಿಯುಸಿ, ಗಲ್ಲದ ತುಂಬ ಗುಳ್ಳೆ. ವೈದ್ಯರೊಬ್ಬರು ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೊಂದು ಎಂದು ಬರೆದುಕೊಟ್ಟರು. ಹೇಗೆ ನುಂಗಬೇಕು ಎಂದು ಅವರೂ ಹೇಳಲಿಲ್ಲ, ಅಂಗಡಿಯವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ರಾತ್ರಿ ಊಟವಾಗಿ ಓದಿ ಮುಗಿಸಿ, ದೀಪ ಆರಿಸುವ ಹೊತ್ತಿಗೆ ನೆನಪಾಗಿ, ಚೊಂಬಿನ ತಳದಲ್ಲಿದ್ದ ಒಂದು ಗುಟುಕು ನೀರಿನಲ್ಲಿ ಕ್ಯಾಪ್ಸೂಲ್ ನುಂಗಿ ಮಲಗಿಬಿಡುತ್ತಿದ್ದೆ. ಒಂಬತ್ತನೆಯದೋ ಹತ್ತನೆಯದೋ ರಾತ್ರಿ ಎದೆಯ ನಡುವೆ ಕೆಂಡ ಇಟ್ಟ ಹಾಗಾಗಿ ಎಚ್ಚರವಾಯಿತು. ಬೆಳಿಗ್ಗೆ ಎಂಜಲು ನುಂಗಿದರೂ ನೋವು.

ಆ ನೋವು ನಮ್ಮ ಊಟದಲ್ಲಿ ಎಂಥದು ಎಂದು ಹೇಳಬೇಕು. ಮುದ್ದೆಯನ್ನು ನಾವು ಅಗಿಯುವುದಿಲ್ಲ. ಬಿಸಿಯಿರುವಾಗಲೇ ಮುರಿದು, ಸಾರಿನಲ್ಲಿ ಹೊರಳಿಸಿ, ನುಣ್ಣಗೆ ಇಳಿಬಿಡುತ್ತೇವೆ. ಆ ಮಧ್ಯಾಹ್ನ ಮೊದಲ ತುತ್ತು ಗಂಟಲು ದಾಟಿ ಎದೆಗೂಡಿನ ಮಧ್ಯಕ್ಕೆ ಬಂದದ್ದೇ ಅಲ್ಲೇ ನಿಂತ ಹಾಗೆ, ಯಾರೋ ಒಳಗಿನಿಂದ ಗೀರಿದ ಹಾಗೆ ಆಯಿತು. ಕಣ್ಣಲ್ಲಿ ನೀರು ಬಂತು. ನಾಲ್ಕು ದಿನ ರಾಗಿಗಂಜಿ ಆರಿಸಿಕೊಂಡು ಕುಡಿದೆ. ಡಾಕ್ಸಿಸೈಕ್ಲಿನ್ ಕ್ಯಾಪ್ಸೂಲು ಅನ್ನನಾಳದ ಗೋಡೆಗೆ ಅಂಟಿ ಕರಗಿದರೆ ಅದರ ಆಮ್ಲತೆ ಅಲ್ಲೇ ಹುಣ್ಣು ಮಾಡುತ್ತದೆ ಎಂಬುದು ವೈದ್ಯಲೋಕಕ್ಕೆ ಚೆನ್ನಾಗಿ ಗೊತ್ತಿರುವ ಸಂಗತಿ. ಅದನ್ನು ತಪ್ಪಿಸುವುದೂ ಸುಲಭ: ಒಂದು ದೊಡ್ಡ ಲೋಟ ನೀರು, ಆಮೇಲೆ ಅರ್ಧ ಗಂಟೆಯಾದರೂ ಮಲಗದೆ ಕೂತಿರುವುದು. ಈ ಎರಡು ಮಾತು ಯಾರಾದರೂ ಹೇಳಿದ್ದರೆ ಸಾಕಿತ್ತು. ಇಪ್ಪತ್ತಾರು ವರ್ಷದ ಮೇಲೂ ನನಗೆ ಇದು ಸಣ್ಣ ವಿಷಯವಾಗಿ ಕಾಣುವುದಿಲ್ಲ.

ಅವ್ವನ ತೀರ್ಮಾನ ಬೇರೆಯಾಗಿತ್ತು. “ಮಾತ್ರೆ ಉಷ್ಣ ಕಣವ್ವ, ಅದ್ಕೇ ಎದೆ ಸುಟ್ಟದೆ. ಬರೀ ನೀರ್ನಲ್ಲಿ ನುಂಗ್ಬ್ಯಾಡ, ಹಾಲ್ನಲ್ಲಿ ತಗೋ” ಎಂದಳು. ಹುಣ್ಣು ಮಾಗಿದ ಮೇಲೆ ಹಾಗೇ ಮಾಡಿದೆ. ಇಲ್ಲಿಯೇ ವಿವರಣೆಯೊಂದು ಚಿಕಿತ್ಸೆಯ ಒಳಗೆ ಕೈಹಾಕುವುದು ಕಾಣುತ್ತದೆ. ಡಾಕ್ಸಿಸೈಕ್ಲಿನ್ ಸೇರಿದ ಟೆಟ್ರಾಸೈಕ್ಲಿನ್ ಕುಟುಂಬದ ಔಷಧಗಳು ಕ್ಯಾಲ್ಸಿಯಂ, ಕಬ್ಬಿಣ, ಮೆಗ್ನೀಷಿಯಂ ಸಿಕ್ಕರೆ ಅವುಗಳನ್ನು ಕಚ್ಚಿಕೊಳ್ಳುತ್ತವೆ. ಹಾಗೆ ಕಚ್ಚಿಕೊಂಡದ್ದು ಕರುಳಿನಿಂದ ರಕ್ತಕ್ಕೆ ಇಳಿಯುವುದಿಲ್ಲ. ಹಳೆಯ ಟೆಟ್ರಾಸೈಕ್ಲಿನ್‌ಗೆ ಹಾಲು ದೊಡ್ಡ ಅಡ್ಡಿ. ಡಾಕ್ಸಿಸೈಕ್ಲಿನ್‌ಗೆ ಅಷ್ಟಿಲ್ಲ, ಸುಮಾರು ಐದರಲ್ಲೊಂದು ಪಾಲು ನಷ್ಟ. ಕಬ್ಬಿಣದ ಮಾತ್ರೆಯ ವಿಷಯ ಹೆಚ್ಚು ಗಂಭೀರ. ಶಾಲೆ ಕಾಲೇಜಿನಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ಅದೇ, ಅಂಗಡಿಯ ಆಂಟಾಸಿಡ್ ಕೂಡ ಅದೇ ಗುಂಪಿಗೆ ಸೇರಿದ್ದು. ಇವುಗಳಿಗೂ ಡಾಕ್ಸಿಗೂ ನಡುವೆ ಎರಡು-ಮೂರು ಗಂಟೆಯಾದರೂ ಬಿಡಬೇಕು. ರಾಗಿಯಲ್ಲಿ ಕ್ಯಾಲ್ಸಿಯಂ ಹೆಚ್ಚು, 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ, ನಿಜ. ಆದರೆ ಹೊಟ್ಟೆ ತೊಳಸಬಾರದೆಂದು ಡಾಕ್ಸಿಯನ್ನು ಊಟದ ಮೇಲೆಯೇ ಕೊಡುವುದು ವಾಡಿಕೆ, ಆದ್ದರಿಂದ ಮುದ್ದೆ ಬಿಡಬೇಕಾಗಿಲ್ಲ. ಎದೆಯುರಿಗೆ ಅವ್ವ ಕೊಟ್ಟ ಇನ್ನೊಂದು ಪರಿಹಾರ, ಎಳನೀರು, ಯಾರಿಗೂ ಕೇಡು ಮಾಡಲಿಲ್ಲ.

ಅವ್ವನ ‘ಉಷ್ಣ’ಕ್ಕೆ ಒಂದು ಕಡೆ ಮಾತ್ರ ಪೂರ್ತಿ ಗೆಲುವು ಸಿಕ್ಕಿತು. ಪರೀಕ್ಷೆ ಮುಗಿಸಿ ಊರಿಗೆ ಬಂದು ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋದೆ. ಎರಡೇ ದಿನಕ್ಕೆ ಮೂಗಿನ ತುದಿ, ಕೈಬೆರಳ ಹಿಂಬದಿ ಸುಟ್ಟ ಬದನೆಯ ಹಾಗೆ ಕಪ್ಪುಗೆಂಪಾಯಿತು. ಜೊತೆಗೆ ಕೊಯ್ದ ಯಾರಿಗೂ ಹಾಗಾಗಲಿಲ್ಲ. ಡಾಕ್ಸಿಸೈಕ್ಲಿನ್ ಚರ್ಮವನ್ನು ಬಿಸಿಲಿಗೆ ಎಳಸು ಮಾಡುತ್ತದೆ. ಹೊಲಗದ್ದೆಯಲ್ಲಿ ಕೆಲಸವಿರುವ ಮಕ್ಕಳಿಗೆ ಈ ಮಾತ್ರೆ ಬರೆದುಕೊಡುವಾಗ ಬೇಸಿಗೆಯೋ ಮಳೆಗಾಲವೋ ನೋಡಬೇಕು, ತಲೆವಸ್ತ್ರದ ಮಾತಾದರೂ ಹೇಳಬೇಕು.

ಟೆಟ್ರಾಸೈಕ್ಲಿನ್ ಕುಟುಂಬದ ಚರಿತ್ರೆಯನ್ನು ಚಿಕ್ಕದಾಗಿ ಹೇಳುತ್ತೇನೆ. ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಬಂದ ಆರಿಯೋಮೈಸಿನ್ ಇದರ ಹಿರಿಯ. 1940ರ ದಶಕದಲ್ಲಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಬೆಂಜಮಿನ್ ಡಗ್ಗರ್ ಅದನ್ನು ಕಂಡುಹಿಡಿದಾಗ ಅಲ್ಲಿನ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ನೆರೆಯ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಡಾಕ್ಸಿಸೈಕ್ಲಿನ್ 1967ರಲ್ಲಿ ಬಳಕೆಗೆ ಬಂತು. ಇದರ ಮತ್ತೊಬ್ಬ ಸೋದರ ಆಕ್ಸಿಟೆಟ್ರಾಸೈಕ್ಲಿನ್. ಟೆರ್ರಾಮೈಸಿನ್ ಎಂಬ ಹೆಸರಿನಲ್ಲಿ ಹಸು ಕಟ್ಟಿದ ಮನೆಗಳಿಗೆ ಅದು ಚೆನ್ನಾಗಿ ಗೊತ್ತು. ಹೆಣ್ಣುಮಗಳ ಮುಖಕ್ಕೂ ಕೊಟ್ಟಿಗೆಯ ಹಸುವಿಗೂ ಒಂದೇ ವಂಶದ ಮದ್ದು ಹೋಗುತ್ತಿರುವುದು ನಮ್ಮ ಜಿಲ್ಲೆಯಂಥ ಹಾಲಿನ ಸೀಮೆಯಲ್ಲಿ ನೆನಪಿಡಬೇಕಾದ ಸಂಗತಿ.

ಇನ್ನು ಅಕ್ಕನ ಮಗಳ ಕಥೆ. ಅವಳಿಗೆ ಈಗ ಹತ್ತೊಂಬತ್ತು. ಚನ್ನಪಟ್ಟಣದಿಂದ ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಓದುತ್ತಾಳೆ. ಕೋವಿಡ್ ಎರಡನೇ ಅಲೆಯಲ್ಲಿ, 2021ರಲ್ಲಿ, ಅಜಿತ್ರೊಮೈಸಿನ್ ಮತ್ತು ಡಾಕ್ಸಿ ಎಷ್ಟೋ ಮನೆಗಳ ಬೀರು ಸೇರಿದವು. ಅಕ್ಕನ ಮನೆಯ ಬೀರುವಿನಲ್ಲೂ ಉಳಿದವು. ಮುಖದಲ್ಲಿ ಗುಳ್ಳೆ ಎದ್ದಾಗ ಅವಳು ಮೊದಲು ನುಂಗಿದ್ದು ಆ ಉಳಿಕೆಯನ್ನೇ. ಅಜಿತ್ರೊಮೈಸಿನ್ ಎಂದರೆ ಜನರ ಮನಸ್ಸಿನಲ್ಲಿ ‘ಮೂರು ದಿನದ ಮಾತ್ರೆ’: ಗಂಟಲು ನೋವಿಗೆ ಮೂರು, ಅಲ್ಲಿಗೆ ಕೋರ್ಸು ಮುಗಿಯಿತು. ಮೊಡವೆಗೆ ಅದನ್ನು ಕೊಡುವ ಚರ್ಮವೈದ್ಯರು ನಮ್ಮ ದೇಶದಲ್ಲಿದ್ದಾರೆ, ಆದರೆ ವಾರದಲ್ಲೋ ಹತ್ತು ದಿನದಲ್ಲೋ ಮೂರು ದಿನದಂತೆ, ತಿಂಗಳುಗಟ್ಟಲೆ. ಮೂರೇ ಮಾತ್ರೆಯಿಂದ ಊತ ಸ್ವಲ್ಪ ಇಳಿಯಿತು, ಹದಿನೈದು ದಿನಕ್ಕೆ ಮತ್ತೆ ಎದ್ದಿತು; ಮತ್ತೆ ಮೂರು. “ಪವರ್ ಸಾಲ್ದು ಅನ್ಸುತ್ತೆ ಚಿಕ್ಕಮ್ಮ, ಇನ್ನೂ ಪವರ್ ಇರೋದು ಬೇಕು” ಎಂದಳು. ಪವರಿನ ಕೊರತೆ ಅಲ್ಲಿ ಇರಲಿಲ್ಲ. ಕಾಲದ ಲೆಕ್ಕ ತಪ್ಪಿತ್ತು. ಹೀಗೆ ಬಿಟ್ಟುಬಿಟ್ಟು ನುಂಗಿದಾಗಲೇ ಬ್ಯಾಕ್ಟೀರಿಯಾ ಔಷಧಕ್ಕೆ ಒಗ್ಗಿಕೊಳ್ಳಲು ಒಳ್ಳೆಯ ಅವಕಾಶ.

ಅವಳ ಕೈಚೀಲದಲ್ಲಿ ಇನ್ನೊಂದು ವಸ್ತು ಇತ್ತು: ಗೆಳತಿ ಹೇಳಿದ, ಮುಖ ಬೆಳ್ಳಗೆ ಮಾಡುವ ಒಂದು ಕ್ರೀಮು. ಟ್ಯೂಬಿನ ಹಿಂಬದಿಯ ಸಣ್ಣಕ್ಷರ ಓದಿದೆ. ಅದರಲ್ಲಿ ಸ್ಟೀರಾಯ್ಡ್ ಇತ್ತು. ಹಚ್ಚಿದ ಹೊಸದರಲ್ಲಿ ಮುಖ ತಿಳಿಯಾಗುತ್ತದೆ, ಆಮೇಲೆ ಒಂದೇ ಅಳತೆಯ ಕೆಂಪು ಗುಳ್ಳೆಗಳು ಸಾಲಾಗಿ ಏಳುತ್ತವೆ, ಬಿಟ್ಟರೆ ಮುಖ ಉರಿಯುತ್ತದೆ. ಇದು ಹರೆಯದ ಮೊಡವೆಯಲ್ಲ, ಕ್ರೀಮು ತಂದ ಮೊಡವೆ. ಕ್ರೀಮು ನಿಲ್ಲಿಸದೆ ಎಷ್ಟು ಆಂಟಿಬಯೋಟಿಕ್ ನುಂಗಿದರೂ ಇದು ಹೋಗದು. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಆಂಟಿಬಯೋಟಿಕ್ ಮಾತ್ರೆಪಟ್ಟಿಗಳ ಮೇಲಿನ ಉದ್ದದ ಕೆಂಪು ಗೆರೆಗೂ ಅದೇ ಅರ್ಥ, ವೈದ್ಯರ ಚೀಟಿಯಿಲ್ಲದೆ ನುಂಗಬಾರದು ಎಂದು; ಅದನ್ನು ತಿಳಿಸುವ ಅಭಿಯಾನ 2016ರದು. ಅಕ್ಕನ ಬೀರುವಿನಲ್ಲಿದ್ದ ಪ್ರತಿ ಪಟ್ಟಿಯ ಮೇಲೂ ಆ ಗೆರೆ ಇತ್ತು. ಅದನ್ನು ಕಂಪನಿಯ ಗುರುತು ಎಂದುಕೊಂಡಿದ್ದೆ ಎಂದಳು ಅಕ್ಕ.

ಕೊನೆಗೆ ಚರ್ಮವೈದ್ಯರ ಹತ್ತಿರ ಕರೆದುಕೊಂಡು ಹೋದೆ. ಕ್ರೀಮು ನಿಲ್ಲಿಸಿ, ಡಾಕ್ಸಿಸೈಕ್ಲಿನ್ 12 ವಾರ, ಜೊತೆಗೆ ರಾತ್ರಿ ಹಚ್ಚಲು 2.5 ಶೇಕಡದ ಬೆನ್ಜಾಯ್ಲ್ ಪೆರಾಕ್ಸೈಡ್ ಕೊಟ್ಟರು. ಬ್ರಿಟನ್ನಿನ ನೈಸ್ ಸಂಸ್ಥೆಯ 2021ರ ಮಾರ್ಗಸೂಚಿಯೂ ಇದೇ ದಾರಿಯದು: ಬರೀ ಬಾಯಿಮಾತ್ರೆ ಕೊಡಬಾರದು, ಮೇಲೆ ಹಚ್ಚುವುದು ಜೊತೆಗಿರಬೇಕು, 12 ವಾರಕ್ಕೆ ನಿಂತು ನೋಡಬೇಕು. ಹಚ್ಚುವುದು ಯಾಕೆ ಎಂದು ಅಕ್ಕನಿಗೆ ಅರ್ಥವಾಗಲಿಲ್ಲ. ನಮ್ಮ ಹುಳುಮನೆಯ ಮಾತು ಹೇಳಿದೆ. ಹಾಲು ರೋಗ, ಸಪ್ಪೆ ರೋಗ ಬಂದ ಹುಳಕ್ಕೆ ನಾವು ಮದ್ದು ಕುಡಿಸುವುದಿಲ್ಲ. ಬೆಳೆ ಬೆಳೆಗೂ ಮನೆ ಖಾಲಿ ಮಾಡಿ, ತಟ್ಟೆ ಚಂದ್ರಿಕೆ ಎಲ್ಲವನ್ನೂ ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ತೊಳೆಯುತ್ತೇವೆ. ಬೆನ್ಜಾಯ್ಲ್ ಪೆರಾಕ್ಸೈಡ್ ಮಾಡುವುದು ಆ ಜಾತಿಯ ಕೆಲಸ. ಆಮ್ಲಜನಕ ಬಿಟ್ಟು ಬ್ಯಾಕ್ಟೀರಿಯಾವನ್ನು ಸುಡುತ್ತದೆ, ಆ ಸುಡುವಿಕೆಗೆ ಅವು ಒಗ್ಗಿಕೊಳ್ಳುವುದಿಲ್ಲ. ಮಾತ್ರೆ ನಿಂತ ಮೇಲೂ ಮನೆ ತೊಳೆಯುತ್ತಲೇ ಇರಬೇಕು. ಬ್ಲೀಚಿಂಗ್ ಪೌಡರಿನ ಗುಣ ಇದಕ್ಕೂ ಉಂಟು: ಎರಡನೇ ವಾರದಲ್ಲಿ ಅವಳ ನೀಲಿ ದಿಂಬಿನ ಗವಸಿನ ಮೇಲೆ ಕೆನ್ನೆಯ ಆಕಾರದ ಬಿಳಿಚು ಕಲೆ ಮೂಡಿತ್ತು. ರೇಷ್ಮೆ ರವಿಕೆಯ ಕೊರಳು ಹಾಳಾಗುವ ಮುಂಚೆ ಗೊತ್ತಾದದ್ದು ಒಳ್ಳೆಯದಾಯಿತು.

ಮುಖದ ಗುಳ್ಳೆಯ ವಿಷಯಕ್ಕೆ ಇಷ್ಟು ಲೆಕ್ಕಾಚಾರ ಬೇಕೆ ಎಂದು ಅಕ್ಕನ ಗಂಡ ಕೇಳಿದರು. ಭಾವನವರು ಹಸು ಸಾಕಿದವರು. ಕಂದು ಹಾಕುವ ರೋಗ, ಅಂದರೆ ಬ್ರುಸೆಲ್ಲೋಸಿಸ್, ಹಸುವಿನಿಂದ ಸಾಕುವವರಿಗೂ ದಾಟುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಮನುಷ್ಯರಿಗೆ ಬಂದಾಗ ಅದಕ್ಕೆ ಕೊಡುವುದು ಡಾಕ್ಸಿಸೈಕ್ಲಿನ್, ಇನ್ನೊಂದು ಔಷಧದ ಜೊತೆ, ಆರು ವಾರ. ಹುಲ್ಲು ಪೊದೆಯ ಸಣ್ಣ ನುಸಿ ಕಚ್ಚಿ ಬರುವ ಸ್ಕ್ರಬ್ ಟೈಫಸ್ ಜ್ವರಕ್ಕೂ ಮೊದಲ ಮದ್ದು ಇದೇ. ತಡವಾದರೆ ಪ್ರಾಣಕ್ಕೆ ಬರುವ ಜ್ವರ ಅದು. ಒಬ್ಬಳು ನುಂಗುವ ಮಾತ್ರೆ ಅವಳ ಚರ್ಮದಲ್ಲಷ್ಟೇ ಅಲ್ಲದೆ ಗಂಟಲಲ್ಲಿ, ಕರುಳಲ್ಲಿ ಇರುವ ಬ್ಯಾಕ್ಟೀರಿಯಾಗಳಿಗೂ ಔಷಧಕ್ಕೆ ಒಗ್ಗಿಕೊಳ್ಳುವ ಪಾಠ ಕಲಿಸುತ್ತದೆ. ಅವು ಒಬ್ಬರಿಂದೊಬ್ಬರಿಗೆ ಹೋಗುತ್ತವೆ ಎಂದೆ. ಭಾವ ಮತ್ತೆ ಕೇಳಲಿಲ್ಲ.

ಏಳನೇ ವಾರದವರೆಗೆ ಅಕ್ಕನ ಮಗಳಿಗೆ ನಂಬಿಕೆ ಇರಲಿಲ್ಲ. ಒಂಬತ್ತರ ಹೊತ್ತಿಗೆ ಗಲ್ಲದಲ್ಲಿ ಹೊಸದು ಏಳುವುದು ನಿಂತಿತು. ಕಲೆಗಳು ಇದ್ದವು, ನಮ್ಮ ಮೈಬಣ್ಣದಲ್ಲಿ ಗುಳ್ಳೆಗಿಂತ ಕಲೆಗೆ ಆಯುಸ್ಸು ಹೆಚ್ಚು, ಕಣ್ಣೀರು ಹಾಕಿಸುವುದೂ ಅದೇ. ಹನ್ನೆರಡಕ್ಕೆ ಮಾತ್ರೆ ನಿಂತಿತು, ಹಚ್ಚುವುದು ಮುಂದುವರಿಯಿತು. ಕೊನೆಯ ಪಟ್ಟಿಯಲ್ಲಿ ಆರು ಕ್ಯಾಪ್ಸೂಲು ಉಳಿದಿದ್ದವು. ಮಗಳ ಮನೆಗೆ ಬಂದಿದ್ದ ಅವ್ವ ಅದನ್ನು ಎತ್ತಿಕೊಂಡು, ಬೀರುವಿನ ಮೇಲಿನ ಬಿಸ್ಕತ್ತಿನ ಡಬ್ಬದಲ್ಲಿ ಹಾಕಿ, “ಯಾರ್ಗಾರ ಜ್ವರ ಬಂದ್ರೆ ಆಯ್ತದೆ, ಇರ್ಲಿ” ಎಂದಳು. ಡಬ್ಬದ ತಳದಲ್ಲಿ ಇನ್ನೂ ಹಳೆಯ ಪಟ್ಟಿಗಳಿದ್ದವು. ಹೊರಗೆ ತೆಗೆದು ಹಾಸಿ, ಮೊಮ್ಮಗಳೂ ಅಜ್ಜಿಯೂ ನಾನೂ ಕೂತು, ಒಂದೊಂದರ ಬೆನ್ನಿನ ತಾರೀಖನ್ನು ಬೆಳಕಿಗೆ ಹಿಡಿದು ಓದತೊಡಗಿದೆವು.