ಪೇಪರ್ ಪ್ಲೇಟಿಗಿಂತ ಮುಂಚೆ ಮಣ್ಣೆತ್ತು

ಮಗಳು ಪೇಪರ್ ಪ್ಲೇಟಿಗೆ ಬಣ್ಣದ ಗರಿ ಅಂಟಿಸಿ ಟರ್ಕಿ ಕೋಳಿ ಮಾಡ್ಕೊಂಡು ಬಂದ್ಲು. ಥ್ಯಾಂಕ್ಸ್‌ಗಿವಿಂಗ್ ಅಂತೆ. ಇಡೀ ಅಮೆರಿಕಕ್ಕೆ ಅದನ್ನ ಲಿಂಕನ್ ಘೋಷಿಸಿದ್ದು 1863ರಲ್ಲಿ. ನವೆಂಬರಿನ ನಾಲ್ಕನೇ ಗುರುವಾರ ಅಂತ ಕಾನೂನಾಗಿದ್ದು 1941ರಲ್ಲಿ.

ನಮ್ಮ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಕಾನೂನು ಬೇಕಿರಲಿಲ್ಲ, ಎರಿಮಣ್ಣು ಸಾಕಿತ್ತು. ಕಾರಹುಣ್ಣಿಮೆಗೆ ನಿಜವಾದ ಎತ್ತುಗಳ ಮೆರವಣಿಗೆ. ಹದಿನೈದು ದಿನ ಕಳೆದು, ಜ್ಯೇಷ್ಠದ ಅಮಾವಾಸ್ಯೆಗೆ ಮಣ್ಣೆತ್ತು: ಹುಡುಗರು ಮಣ್ಣು ಕಲಸಿ ಜೋಡೆತ್ತು ಮಾಡಿ, ಮುಂದೊಂದು ಗ್ವಾದಲಿ ಇಟ್ಟು, ಪೂಜೆಗೆ ಕೊಡೋರು. ಆಮೇಲೆ ಗುಳ್ಳವ್ವ, ನಾಗಪ್ಪ, ಗಣಪ, ಜೋಕುಮಾರ, ಎಲ್ಲಾ ಮಣ್ಣೇ. ಅಮೆರಿಕದವರ ಥ್ಯಾಂಕ್ಸು ಸುಗ್ಗಿ ಮುಗಿದ ಮೇಲೆ. ಇಲ್ಲಿ ಬೆಳೆ ಕೈಗೆ ಬರೋ ಮುಂಚೆಯೇ, ದುಡಿಯೋ ಎತ್ತಿಗೆ. (ನನಗೆ ಇದೇ ಸರಿ ಅನಿಸುತ್ತೆ.)

ಊರಲ್ಲಿ ನಮ್ಮ ಎತ್ತು ಮಾರಿ ಬಹಳ ವರ್ಷ ಆಯ್ತು, ಅಂಗಳದಲ್ಲಿ ಟ್ರ್ಯಾಕ್ಟರ್ ನಿಂತಿದೆ. ಈ ಸಲ ಅವ್ವ ಮೊಮ್ಮಗಳಿಗೆ ಮಣ್ಣು ಕಲಸಿಕೊಟ್ಟಳು. ‘ಅಜ್ಜಿ, ಕೊಂಬು ಎಷ್ಟುದ್ದ?’ ಅಂತ ಕೇಳಿದ್ಲು. ಅವ್ವ ಗಾಳಿಯಲ್ಲಿ ಕೈಯಾಡಿಸಿ ತೋರಿಸಿದಳು.