ಕಾರು ರೇಡಿಯೋದ ಆಂಟೆನಾ

ಲೋಹದ ಕವಚದೊಳಗಿರುವ ವಾಹನ ರೇಡಿಯೋಗೆ ಹೊರಗಣ ವಿದ್ಯುತ್ಕಾಂತೀಯ ತರಂಗಗಳನ್ನು ಗ್ರಹಿಸಿ ಒದಗಿಸುವ ಉಪಕರಣ, ಆಡುಮಾತಿನಲ್ಲಿ ಏರಿಯಲ್. ಅಮೆರಿಕದ ಆರಂಭಕಾಲದ ಕಾರುಗಳಲ್ಲಿ ಮರದ ಚೌಕಟ್ಟಿಗೆ ಬಟ್ಟೆ ಹೊದಿಸಿದ ಚಾವಣಿಯೊಳಗೆ ತಂತಿಯ ಜಾಲವನ್ನು ಅಡಗಿಸುತ್ತಿದ್ದರು. 1930ರ ದಶಕದ ಮಧ್ಯಭಾಗದಲ್ಲಿ ಚಾವಣಿಯೇ ಉಕ್ಕಿನದಾಗಲು ಆ ಜಾಲವು ನಿರುಪಯುಕ್ತವಾಗಿ, ಏರಿಯಲ್ಲು ಕೆಲಕಾಲ ಪಾದಮೆಟ್ಟಿಲಿನ ಅಡಿಯಲ್ಲಿದ್ದು, ತರುವಾಯ ಮಡ್‌ಗಾರ್ಡಿನ ಮೇಲೆ ಕಡ್ಡಿಯಾಗಿ ನೆಟ್ಟಗೆ ನಿಂತಿತು.

ಭಾರತದಲ್ಲಿ ಇಂತಹ ಏರಿಯಲ್ಲು ಏನನ್ನು ಹಿಡಿಯುತ್ತಿತ್ತೆಂಬುದಕ್ಕೆ ಕಲಬುರಗಿ ಒಂದು ನಿದರ್ಶನ. ಅದು ಸೇರಿದ್ದ ಹೈದರಾಬಾದು ಸಂಸ್ಥಾನದಲ್ಲಿ ಡೆಕ್ಕನ್ ರೇಡಿಯೋ 1935ರಲ್ಲಿ ಆರಂಭವಾಯಿತು. 1966ರಲ್ಲಿ ಕಲಬುರಗಿ ನಗರದಲ್ಲಿಯೇ ಆಕಾಶವಾಣಿ ನಿಲಯವು ಸ್ಥಾಪಿತವಾಯಿತು. ಅಂಬಾಸಿಡರ್, ಫಿಯೆಟ್ ಕಾರುಗಳ ಹೊಳೆಯುವ ಎಳೆಕಡ್ಡಿಗಳು ಹಿಡಿಯುತ್ತಿದ್ದುದು ಮುಖ್ಯವಾಗಿ ಮಧ್ಯಮ ತರಂಗವನ್ನೇ.

ಈ ಕಡ್ಡಿಯ ಉದ್ದವನ್ನು ಕುರಿತು ಒಂದು ಗೊಂದಲವು ರೂಢಿಯಲ್ಲಿದೆ. ಆಂಟೆನಾ ತರಂಗಾಂತರದ ಕಾಲುಭಾಗವಿರಬೇಕೆಂಬ ಸೂತ್ರವು ಎಫ್ಎಂಗೆ ಸಲ್ಲುತ್ತದೆ: 100 ಮೆಗಾಹರ್ಟ್ಸ್‌ನಲ್ಲಿ ಅದು ಸುಮಾರು 75 ಸೆಂಟಿಮೀಟರ್. ಆದರೆ ಕಲಬುರಗಿ ನಿಲಯವು ಬಹುಕಾಲ ಬಳಸಿದ 1107 ಕಿಲೋಹರ್ಟ್ಸ್‌ನ ತರಂಗಾಂತರ ಸುಮಾರು 271 ಮೀಟರ್. ಅದರ ಕಾಲುಭಾಗವೇ 68 ಮೀಟರಿನಷ್ಟಾಗುವುದರಿಂದ, ಮಧ್ಯಮ ತರಂಗದ ಮಟ್ಟಿಗೆ ಮೀಟರುದ್ದದ ಕಡ್ಡಿಯು ತರಂಗಕ್ಕೆ ಅಳೆದು ಮಾಡಿದುದಲ್ಲ, ಸ್ವಲ್ಪಮಾತ್ರ ಸಂಕೇತವನ್ನು ಸೆಳೆಯುವ ಸಾಧನವಷ್ಟೆ. ಆದಕಾರಣವೇ ಮೆಕ್ಯಾನಿಕರು ಕಡ್ಡಿಯನ್ನು ಪೂರ್ತಿ ಎಳೆದು, ಕ್ಷೀಣವಾಗಿ ಕೇಳುವ ನಿಲಯವೊಂದನ್ನು ಹಿಡಿದು, ದನಿ ಅತ್ಯಧಿಕವಾಗುವವರೆಗೆ ರೇಡಿಯೋವನ್ನು ಕಡ್ಡಿಗೆ ಹೊಂದಿಸುವ ಟ್ರಿಮ್ಮರ್ ಸ್ಕ್ರೂ ತಿರುಗಿಸುತ್ತಿದ್ದರು. ಕಡ್ಡಿಯ ಬುಡದಲ್ಲಿ ಹಲ್ಲುಳ್ಳ ವಾಷರು ಬಣ್ಣವನ್ನು ಕೊರೆದು ತಗಡನ್ನು ಕಚ್ಚಿರಬೇಕು. ಅಲ್ಲಿ ತುಕ್ಕು ಹಿಡಿದು ಅರ್ತ್ ಕಡಿದರೆ ಸ್ಪಾರ್ಕ್ ಪ್ಲಗ್ಗಿನ ಚಟಪಟ ಸದ್ದು ಹಾಡನ್ನು ನುಂಗಿಬಿಡುತ್ತದೆ.

ಮಧ್ಯಮ ತರಂಗವು ನೆಲವನ್ನನುಸರಿಸಿ ಹರಿಯುವುದರಿಂದ ಕಲಬುರಗಿಯಿಂದ ಸೇಡಂ ರಸ್ತೆಯಲ್ಲಿ ಮಳಖೇಡದತ್ತ ಸಾಗುವ ಕಾರನ್ನು ದೂರದವರೆಗೆ ಹಿಂಬಾಲಿಸಬಲ್ಲುದು; ಎಫ್ಎಂ ಸುಮಾರಾಗಿ ದೃಷ್ಟಿರೇಖೆಗೆ ಸೀಮಿತವಾದುದು, ಎಷ್ಟು ಉತ್ತಮ ಆಂಟೆನಾವೂ ಆ ಮಿತಿಯನ್ನು ಬಹಳವಾಗಿ ವಿಸ್ತರಿಸಲಾರದು.

ಎಫ್ಎಂ ವ್ಯಾಪಕವಾದ ಮೇಲೆ ಗಾಜಿನಲ್ಲಿ ಅಚ್ಚೊತ್ತಿದ ತಂತಿಗಳೂ, ಆಂಪ್ಲಿಫೈಯರ್ ಜೋಡಿಸಿದ ಗಿಡ್ಡ ರಬ್ಬರ್ ಕಡ್ಡಿಗಳೂ, ಈ ಶತಮಾನದ ಆರಂಭದಿಂದ ಶಾರ್ಕ್ ರೆಕ್ಕೆಯಾಕಾರದ ಗೂಡುಗಳೂ ಬಂದುವು. ಆ ಗೂಡೆಲ್ಲವೂ ರೇಡಿಯೋಗಾಗಿ ಎಂಬುದು ತಪ್ಪುಗ್ರಹಿಕೆ: ಹಲವು ಕಾರುಗಳಲ್ಲಿ ಅದು ಜಿಪಿಎಸ್ ಮತ್ತು ಮೊಬೈಲ್ ಸಂಕೇತಗಳಿಗೆ ಮೀಸಲಾಗಿದ್ದು, ರೇಡಿಯೋ ಆಂಟೆನಾ ಹಿಂಗಾಜಿನಲ್ಲಿರುತ್ತದೆ. ಆದುದರಿಂದ ಅಂತಹ ಕಾರಿನಲ್ಲಿ ದನಿ ಕ್ಷೀಣಿಸಿದರೆ ಮೊದಲು ಹಿಂಗಾಜಿನ ತಂತಿಗಳನ್ನು ಪರೀಕ್ಷಿಸತಕ್ಕದ್ದು.