ಹೊರಾಂಗಣ ಹವ್ಯಾಸಿ ರೇಡಿಯೋ

ಹೊರಾಂಗಣ ಹವ್ಯಾಸಿ ರೇಡಿಯೋ ಎಂಬುದು ಪರವಾನಗಿ ಹೊಂದಿದ ರೇಡಿಯೋ ಹವ್ಯಾಸಿಗಳು, ಅಂದರೆ ಹ್ಯಾಮ್‌ಗಳು, ಉದ್ಯಾನ, ಬೆಟ್ಟ, ಚಾರಣದ ಹಾದಿ ಮುಂತಾದೆಡೆ ತಾತ್ಕಾಲಿಕ ಕೇಂದ್ರವನ್ನು ಸ್ಥಾಪಿಸಿ ಇತರ ಕೇಂದ್ರಗಳೊಡನೆ ಸಂಪರ್ಕ ಸಾಧಿಸುವ ಚಟುವಟಿಕೆ. ಮನೆಯ ವಿದ್ಯುತ್ ಮತ್ತು ಸ್ಥಿರ ಆಂಟೆನಾಗಳ ನೆರವಿಲ್ಲದೆ ನಡೆಯುವುದರಿಂದ ಇದು ವಿಪತ್ತು ಕಾಲದ ಸಂವಹನಕ್ಕೆ ಪೂರ್ವಾಭ್ಯಾಸವೂ ಆಗಿದೆ.

ಹಿನ್ನೆಲೆ

ಬೆಟ್ಟದ ತುದಿಗಳಿಂದ ಪ್ರಸಾರ ಮಾಡುವ 'ಸಮಿಟ್ಸ್ ಆನ್ ದಿ ಏರ್' ಯೋಜನೆಯು 2002ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾಯಿತು. ಇದರಲ್ಲಿ ಅಂಕ ಗಳಿಸಲು ಕನಿಷ್ಠ 4 ಸಂಪರ್ಕಗಳು ಬೇಕು. ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಯ ಶತಮಾನೋತ್ಸವದ ಅಂಗವಾಗಿ 2016ರಲ್ಲಿ ನಡೆದ ಕಾರ್ಯಕ್ರಮದಿಂದ 'ಪಾರ್ಕ್ಸ್ ಆನ್ ದಿ ಏರ್' ಯೋಜನೆ ರೂಪುಗೊಂಡಿತು. ಇದರಲ್ಲಿ ಒಂದು ದಿನದೊಳಗೆ 10 ಸಂಪರ್ಕಗಳನ್ನು ಪೂರೈಸಬೇಕು.

ಉಪಕರಣ ಮತ್ತು ತರಂಗ ಪ್ರಸರಣ

12 ವೋಲ್ಟ್ ಬ್ಯಾಟರಿ, ಸುಮಾರು 5 ವ್ಯಾಟ್ ಸಾಮರ್ಥ್ಯದ ಸಣ್ಣ ಟ್ರಾನ್ಸೀವರ್ ಮತ್ತು ತಂತಿಯ ಆಂಟೆನಾ ಇದ್ದರೆ ಕೇಂದ್ರವನ್ನು ನಡೆಸಬಹುದು. 7.1 ಮೆಗಾಹರ್ಟ್ಸ್‌ನ ಅರ್ಧತರಂಗ ಡೈಪೋಲ್ ಆಂಟೆನಾದ ಒಟ್ಟು ಉದ್ದ ಸುಮಾರು 20 ಮೀಟರ್. 144–146 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಅದು ಸುಮಾರು 1 ಮೀಟರ್ ಮಾತ್ರ.

144 ಮೆಗಾಹರ್ಟ್ಸ್‌ನ ತರಂಗಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ. ಸುತ್ತಲ ಬಯಲಿಗಿಂತ 100 ಮೀಟರ್ ಎತ್ತರದ ಸ್ಥಳದಿಂದ ರೇಡಿಯೋ ದಿಗಂತವು ಸುಮಾರು 41 ಕಿ.ಮೀ. ದೂರದಲ್ಲಿರುತ್ತದೆ. 7 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಹಗಲಿನಲ್ಲಿ ತರಂಗಗಳು ಅಯಾನುಗೋಳದಿಂದ ಹಿಂದಿರುಗುತ್ತವೆ. ಆಂಟೆನಾವನ್ನು ತಗ್ಗಾಗಿ ಕಟ್ಟಿದರೆ ಅವು ಮೇಲ್ಮುಖವಾಗಿ ಸಾಗಿ ನೆರೆಯ ಜಿಲ್ಲೆಗಳನ್ನು ತಲುಪುತ್ತವೆ.

ಹಿರೀಸಾವೆ ಪರಿಸರ

ಚನ್ನರಾಯಪಟ್ಟಣ ತಾಲ್ಲೂಕಿನ ಹಿರೀಸಾವೆಯು ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿದ್ದು, ಬೆಂಗಳೂರಿನಿಂದ ನೂರಕ್ಕೂ ಹೆಚ್ಚು ಕಿ.ಮೀ. ದೂರದಲ್ಲಿದೆ. ಇಂತಹ ಬಯಲು ಸೀಮೆಯಿಂದ ಬೆಂಗಳೂರಿನೊಡನೆ ಮಾತನಾಡಲು 144 ಮೆಗಾಹರ್ಟ್ಸ್‌ನ ಕೈರೇಡಿಯೋಗಿಂತ 7 ಮೆಗಾಹರ್ಟ್ಸ್ ಪಟ್ಟಿಯೇ ಹೆಚ್ಚು ನೆಚ್ಚತಕ್ಕದ್ದು. ಇಲ್ಲಿನ ತೆಂಗಿನ ತೋಟಗಳ ಮರಗಳು ತಂತಿಗೆ ಆಧಾರವಾಗಬಲ್ಲವು. ಇದಕ್ಕೆ ತೋಟದ ಮಾಲೀಕರ ಒಪ್ಪಿಗೆ ಅಗತ್ಯ. ವಿದ್ಯುತ್ ತಂತಿಗಳ ಸಮೀಪ ಆಂಟೆನಾ ಕಟ್ಟುವುದು ಪ್ರಾಣಾಪಾಯಕರ. ಗುಡುಗು ಕೇಳಿಸಿದೊಡನೆ ಪ್ರಸಾರವನ್ನು ನಿಲ್ಲಿಸಿ ಸುರಕ್ಷಿತ ಸ್ಥಳಕ್ಕೆ ತೆರಳಬೇಕು.

ಪರವಾನಗಿ ಮತ್ತು ಅನುಮತಿ

ಭಾರತದಲ್ಲಿ ಹವ್ಯಾಸಿ ರೇಡಿಯೋ ಪರವಾನಗಿಯನ್ನು ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಯೋಜನೆ ಮತ್ತು ಸಮನ್ವಯ ವಿಭಾಗವು ನೀಡುತ್ತದೆ. ಇಲ್ಲಿನ ಹವ್ಯಾಸಿಗಳ ಕರೆಸಂಕೇತಗಳು ಸಾಮಾನ್ಯವಾಗಿ 'ವಿಯು2' ಅಥವಾ 'ವಿಯು3' ಎಂದು ಆರಂಭವಾಗುತ್ತವೆ. ಪರವಾನಗಿಯಲ್ಲಿ ಕೇಂದ್ರದ ಸ್ಥಳವು ನಮೂದಾಗಿರುವುದರಿಂದ ಹೊರಗಡೆ ಪ್ರಸಾರ ಮಾಡುವ ಮುನ್ನ ಅದರ ಷರತ್ತುಗಳನ್ನು ಪರಿಶೀಲಿಸಬೇಕು. ರೇಡಿಯೋ ಪರವಾನಗಿಯು ಪ್ರವೇಶದ ಅನುಮತಿಯಲ್ಲ. ನೆರೆಯ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ನವಿಲುಧಾಮದಂತಹ ಸಂರಕ್ಷಿತ ಪ್ರದೇಶಗಳಿಗೆ ಅರಣ್ಯ ಇಲಾಖೆಯ ಅನುಮತಿ ಪಡೆಯಬೇಕು.

ವಿಪತ್ತು ಕಾಲದ ಮಹತ್ವ

2004ರ ಡಿಸೆಂಬರ್‌ನಲ್ಲಿ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ಭಾರತಿ ಪ್ರಸಾದ್ ಮತ್ತು ಅವರ ತಂಡವು ಹವ್ಯಾಸಿ ಪ್ರಸಾರಕ್ಕಾಗಿ ಅಂಡಮಾನ್ ದ್ವೀಪಗಳಲ್ಲಿತ್ತು. ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಆ ತಂಡವೇ ದ್ವೀಪಗಳ ಮತ್ತು ಹೊರಜಗತ್ತಿನ ನಡುವೆ ಸಂದೇಶಗಳನ್ನು ತಲುಪಿಸಿತು. ಹವ್ಯಾಸಕ್ಕಾಗಿ ಹೊರಗೆ ಒಯ್ದ ಉಪಕರಣಗಳು ಆಪತ್ತಿನಲ್ಲಿ ಒದಗಿ ಬಂದುದಕ್ಕೆ ಇದು ಪ್ರಮುಖ ನಿದರ್ಶನವಾಗಿದೆ.